ಒಂಟಿಯಾಗಿ ಹೋಗಲೇ, ಜೊತೆ ಹುಡುಕಲೇ? ಹುಬ್ಬಳ್ಳಿ–ಧಾರವಾಡ ಸೀಮೆಯಿಂದ ಕಯಾಕಿಂಗ್‌ಗೆ ಹೊರಡುವವರಿಗೆ ಒಂದು ಹೋಲಿಕೆ

ಹಳಿಯಾಳದ ರಸ್ತೆ ಹಿಡಿದರೆ ಧಾರವಾಡದಿಂದ ದಾಂಡೇಲಿ ಸುಮಾರು 55 ಕಿ.ಮೀ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಕಾರವಾರ ಸುಮಾರು 165 ಕಿ.ಮೀ. ಕಾಳಿ, ಅಘನಾಶಿನಿ, ಶರಾವತಿ ಮೂರೂ ಒಂದು ದಿನದಲ್ಲಿ ಹೋಗಿಬರುವ ದೂರದಲ್ಲಿವೆ. ಹಾವೇರಿ ಕಡೆಯವರಿಗಂತೂ ತುಂಗಭದ್ರೆ, ವರದೆ ಮನೆಬಾಗಿಲಿನ ಹೊಳೆಗಳು. ನೀರಿಗೆ ಕೊರತೆಯಿಲ್ಲ, ಕೊರತೆ ಇರುವುದು ಜೊತೆಗೆ. ಒಬ್ಬರಿಗೆ ಮಂಗಳವಾರ ರಜೆ, ಇನ್ನೊಬ್ಬರಿಗೆ ಭಾನುವಾರ. ಒಬ್ಬರಿಗೆ ನಸುಕಿನಲ್ಲೇ ನೀರಿಗಿಳಿಯುವ ಆಸೆ, ಇನ್ನೊಬ್ಬರು ಹತ್ತು ಗಂಟೆಗೆ ಮುಂಚೆ ಏಳುವವರಲ್ಲ. ಹೀಗಾಗಿ ಕಯಾಕ್ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಒಬ್ಬನೇ ಹೊರಟುಬಿಡಲೇ, ಹೋದ ಊರಲ್ಲಿ ಯಾರನ್ನಾದರೂ ಹುಡುಕಿಕೊಳ್ಳಲೇ, ದುಡ್ಡು ಕೊಟ್ಟು ಗೈಡ್ ಕರೆದೊಯ್ಯಲೇ?

ಬಹಳ ಜನ ಇದನ್ನು ಸ್ವಭಾವದ ಪ್ರಶ್ನೆ ಎಂದುಕೊಳ್ಳುತ್ತಾರೆ. ಏಕಾಂತ ಇಷ್ಟಪಡುವವರು ಒಂಟಿ, ಮಾತು ಇಷ್ಟಪಡುವವರು ಗುಂಪು ಎಂಬ ಲೆಕ್ಕ. ಆದರೆ ಸ್ವಭಾವ ಇಲ್ಲಿ ಕೊನೆಗೆ ಬರುವ ಮಾತು. ಮೊದಲು ನೋಡಬೇಕಾದ್ದು ಬೇರೆಯೇ ಇದೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು ನೀರು. ನಿಂತ ನೀರೋ, ಹರಿಯುವ ನೀರೋ, ಹೊಳೆ ಕಡಲು ಸೇರುವಲ್ಲಿಯ, ಉಬ್ಬರ–ಇಳಿತ ಇರುವ ಅಳಿವೆಯೋ? ಮೇಲೆ ಅಣೆಕಟ್ಟು ಇದೆಯೋ? ಎರಡನೆಯದು, ದೋಣಿ ಮಗುಚಿದರೆ ಯಾರ ಸಹಾಯವೂ ಇಲ್ಲದೆ, ಕಾಲಿಗೆ ನೆಲ ಸಿಗದ ಜಾಗದಲ್ಲಿ ನೀವು ಮತ್ತೆ ದೋಣಿ ಹತ್ತಬಲ್ಲಿರೋ? ಮೂರನೆಯದು ದಂಡೆ. ಎಷ್ಟು ದೂರ ಇದೆ, ಹತ್ತಲು ಬರುತ್ತದೋ ಅಥವಾ ಕೆಸರು, ಕಲ್ಲು, ಮುಳ್ಳುಕಂಟಿಯೋ? ನಾಲ್ಕನೆಯದು ಮರಳಿ ಬರುವ ದಾರಿ. ಹೊಳೆಯಲ್ಲಿ ಎಂಟು ಕಿಲೋಮೀಟರ್ ಕೆಳಗೆ ಇಳಿದ ಮೇಲೆ ನಿಮ್ಮ ಗಾಡಿ ಎಂಟು ಕಿಲೋಮೀಟರ್ ಮೇಲೆಯೇ ಇರುತ್ತದೆ. ರೊಕ್ಕ, ರಜೆಗಳ ಲೆಕ್ಕ ಇವಾದ ಮೇಲೆ.

ಎರಡನೆಯದನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಒಂಟಿಯಾಗಿ ಹೋಗುವುದೋ ಬೇಡವೋ ಎಂಬುದನ್ನು ನಿರ್ಧರಿಸುವುದು ಅದೇ. ಬಾಡಿಗೆಗೆ ಹೆಚ್ಚಾಗಿ ಸಿಗುವುದು ಮೇಲೆ ಕುಳಿತುಕೊಳ್ಳುವ ತೆರೆದ ಕಯಾಕ್. ಅದು ಮಗುಚಿದ ಕೂಡಲೇ ಒಂದು ಕೈ ದೋಣಿಯ ಮೇಲಿರಬೇಕು, ಇನ್ನೊಂದು ಕೈಯಲ್ಲಿ ಹುಟ್ಟು. ದೋಣಿ ಬಿಟ್ಟರೆ ಗಾಳಿ ಅದನ್ನು ನೀವು ಈಜುವುದಕ್ಕಿಂತ ವೇಗವಾಗಿ ಒಯ್ಯುತ್ತದೆ. ಬೋರಲಾದ ದೋಣಿಯ ನಡುಭಾಗಕ್ಕೆ ಬಂದು, ಆಚೆ ಬದಿಯ ಅಂಚು ಅಥವಾ ಪಟ್ಟಿ ಹಿಡಿದು, ಮೈಭಾರ ಹಿಂದಕ್ಕೆ ಹಾಕಿ ಎಳೆದರೆ ಅದು ನೆಟ್ಟಗಾಗುತ್ತದೆ. ಈಗ ಕಾಲುಗಳನ್ನು ಹಿಂದಕ್ಕೆ ಚಾಚಿ, ನೀರು ಬಡಿಯುತ್ತ, ಇಡೀ ಮೈಯನ್ನು ನೀರಿನ ಮೇಲ್ಮಟ್ಟಕ್ಕೆ ತರಬೇಕು. ಆಮೇಲೆ ಆಚೆ ಅಂಚು ಹಿಡಿದು ಹೊಟ್ಟೆಯ ಮೇಲೆ ಜಾರಿ ದೋಣಿಗೆ ಅಡ್ಡಲಾಗಿ ಬರಬೇಕು. ಹೊಕ್ಕುಳು ಸೀಟಿನ ಮೇಲೆ ಬಂತೆಂದಾಗ ಮಗ್ಗುಲಾಗಿ ಹೊರಳಿ ಕೂತು, ಕೊನೆಗೆ ಕಾಲು ಒಳಗೆ.

ತಪ್ಪುವುದು ಎರಡೇ ಕಡೆ. ಗೋಡೆ ಹತ್ತುವ ಹಾಗೆ ಮೇಲಕ್ಕೆ ಏರಲು ಹೋಗುವವರ ಕಾಲು ದೋಣಿಯ ಅಡಿಗೆ ಹೋಗುತ್ತದೆ, ದೋಣಿ ಅವರ ಮೇಲೆಯೇ ಮತ್ತೆ ಮಗುಚುತ್ತದೆ. ಇನ್ನೊಂದು, ಲೈಫ್ ಜಾಕೆಟ್ ಸಡಿಲ ಇದ್ದರೆ ಗದ್ದದವರೆಗೆ ಏರಿ ಎದೆಗೆ ಅಡ್ಡವಾಗುತ್ತದೆ. ಜಾಕೆಟ್ ಹಾಕಿಕೊಂಡು ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎಳೆದಾಗ ಅದು ಕಿವಿ ಮುಟ್ಟಬಾರದು.

ಇದನ್ನು ಆಳದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರು ಕಾವಲಿದ್ದಾಗ, ಹತ್ತು ನಿಮಿಷದೊಳಗೆ ಮೂರು ಸಲ ಮಾಡಿ ನೋಡಿ. ಮೊದಲ ಸಲ ಬಹಳ ಜನರಿಗೆ ಬರುತ್ತದೆ. ಮೂರನೆಯ ಸಲ ತೋಳು ಸೋತಿರುತ್ತದೆ. ನಿಜವಾದ ಅಪಘಾತ ಆಗುವುದೂ ತೋಳು ಸೋತಾಗಲೇ, ಆದ್ದರಿಂದ ಮೂರನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ. ಒಳಗೆ ಕೂತು ಸೊಂಟಕ್ಕೆ ಹೊದಿಕೆ ಕಟ್ಟುವ ಕಯಾಕ್ ಆದರೆ ಪರೀಕ್ಷೆ ಇನ್ನೂ ಕಠಿಣ, ಒಳಗೆ ತುಂಬಿದ ನೀರು ಹೊರಹಾಕುವ ಪಂಪನ್ನೂ ಹುಟ್ಟಿಗೆ ಕಟ್ಟುವ ತೇಲುಚೀಲವನ್ನೂ ಬಳಸಲು ಬರಬೇಕು.

ಒಂಟಿ ಹುಟ್ಟು

ಒಂಟಿಯಾಗಿ ಹೋಗುವುದಕ್ಕೆ ಒಳ್ಳೆಯ ಕಾರಣಗಳಿವೆ. ಅವನ್ನು ಹುಚ್ಚು ಸಾಹಸ ಎಂದು ತಳ್ಳಿಹಾಕುವುದು ಸರಿಯಲ್ಲ. ಉಬ್ಬರ ಯಾರ ರಜೆಗೂ ಕಾಯುವುದಿಲ್ಲ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬುಧವಾರ ಬೆಳಿಗ್ಗೆ ಆರಕ್ಕೆ ನೀರು ಸರಿಯಿದ್ದರೆ ಬುಧವಾರವೇ ಹೋಗಬೇಕು, ಒಬ್ಬರಾದರೆ ಹೋಗಬಹುದು. ಮಾತಿಲ್ಲದ ದೋಣಿಗೆ ಹಕ್ಕಿಗಳು ಬೇಗ ಏಳುವುದಿಲ್ಲ. ಇಬ್ಬರು ಮಾತಾಡುತ್ತ ಬಂದರೆ ನೂರು ಮೀಟರ್ ಆಚೆಯೇ ಕೊಕ್ಕರೆ ಹಾರಿರುತ್ತದೆ. ಮುಂದೆ ಹೋಗುವವರ ಬೆನ್ನು ನೋಡಿಕೊಂಡು ಹುಟ್ಟು ಹಾಕುವವರು ನೀರು ಓದುವುದನ್ನು ಕಲಿಯುವುದು ತಡ. ಒಬ್ಬರೇ ಇದ್ದಾಗ ಸೆಳವು ಎಲ್ಲಿದೆ, ಗಾಳಿ ಯಾವ ಕಡೆಯದು ಎಂದು ತಾವೇ ನೋಡಲೇಬೇಕು.

ಆದರೆ ಎಲ್ಲಿ? ನಿಂತ ನೀರು, ದಂಡೆಯಿಂದ ಐವತ್ತು ಮೀಟರ್ ಒಳಗೆ, ಮೊಸಳೆ ಇಲ್ಲದ ಜಾಗ, ಬೆಳಗಿನ ಹೊತ್ತು, ಇಳಿಯಲು ಅನುಮತಿ ಇರುವ ಕೆರೆ ಅಥವಾ ಹಿನ್ನೀರು. ಈ ಐದೂ ಕೂಡಿದಲ್ಲಿ ಮಾತ್ರ ಒಂಟಿ ಹೋಗಬಹುದು. ನೀರಸಾಗರ, ರೇಣುಕಾಸಾಗರ ಅವಳಿ ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯಗಳು, ಸಂಬಂಧಪಟ್ಟ ಇಲಾಖೆ ಒಪ್ಪದೆ ಅಲ್ಲಿ ದೋಣಿ ಇಳಿಸುವ ಮಾತಿಲ್ಲ. ಅಂತರಗಂಗೆ ಬೆಳೆದ ಕೆರೆಯಲ್ಲಿ ಹುಟ್ಟು ಸಿಕ್ಕಿಕೊಳ್ಳುತ್ತದೆ, ಈಜಲೂ ಆಗುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, 2024ರಲ್ಲಿ ಅದಕ್ಕೆ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆ) ಎಂಬ ಮನ್ನಣೆಯೂ ಸಿಕ್ಕಿದೆ. ಅಲ್ಲಿ ದಂಡೆಯ ಮೇಲೆ ದುರ್ಬೀನು ಹಿಡಿದು ನಿಲ್ಲಬೇಕೇ ಹೊರತು ದೋಣಿ ಇಳಿಸಬಾರದು.

ಒಂಟಿ ಹೋಗುವವರಿಗೆ ಸ್ವಂತ ದೋಣಿಯೂ ಬೇಕಾಗುತ್ತದೆ, ಏಕೆಂದರೆ ಬಾಡಿಗೆ ಕೊಡುವವರು ಸಾಮಾನ್ಯವಾಗಿ ಕಣ್ಣಳತೆ ದಾಟಲು ಬಿಡುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಒಂಟಿ ಕಯಾಕ್ 20ರಿಂದ 25 ಕಿಲೋ, ಮೂರು ಮೀಟರ್ ಉದ್ದ, ಕಾರಿನ ತಲೆಯ ಮೇಲೆ ಕಟ್ಟಲು ಇಬ್ಬರು ಬೇಕು. ಗಾಳಿ ತುಂಬುವ ಕಯಾಕ್ 12ರಿಂದ 18 ಕಿಲೋ, ಚೀಲದಲ್ಲಿ ಹಾಕಿ ಬಸ್ಸಿನಲ್ಲೂ ರೈಲಿನಲ್ಲೂ ಒಯ್ಯಬಹುದು. ರೈಲಿನ ಸ್ಲೀಪರ್ ಬೋಗಿಯಲ್ಲಿ 40 ಕಿಲೋ ಸಾಮಾನಿಗೆ ಬೇರೆ ಶುಲ್ಕವಿಲ್ಲ. ಆದರೆ ಈಜುಕೊಳದ ಆಟಿಕೆಯಂಥ ತೆಳು ಹಾಳೆಯದನ್ನು ತೆಗೆದುಕೊಳ್ಳಬೇಡಿ. ಕಡಿಮೆಯೆಂದರೆ ಮೂರು ಬೇರೆಬೇರೆ ಗಾಳಿಕೋಣೆ ಇರಬೇಕು, ಒಂದು ತೂತಾದರೆ ಉಳಿದೆರಡು ದಂಡೆ ಮುಟ್ಟಿಸಬೇಕು. ನಮ್ಮ ಬಿಸಿಲಿಗೆ ಇನ್ನೊಂದು ಎಚ್ಚರಿಕೆ: ಬೆಳಿಗ್ಗೆ ತಂಪಿನಲ್ಲಿ ಬಿಗಿಯಾಗಿ ತುಂಬಿದ ದೋಣಿಯನ್ನು ಮಧ್ಯಾಹ್ನ ದಂಡೆಯ ಬಿಸಿಲಲ್ಲಿ ಹಾಗೇ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ. ಊಟಕ್ಕೆ ನಿಂತಾಗ ಸ್ವಲ್ಪ ಗಾಳಿ ಬಿಡಿ.

ಇಬ್ಬರು: ಒಂದೇ ದೋಣಿಯೋ, ಎರಡೋ

ಇಬ್ಬರು ಕೂರುವ ದೋಣಿ ಗಂಡ–ಹೆಂಡತಿಗೆ, ತಂದೆ–ಮಗಳಿಗೆ ಚೆನ್ನ. ಬಲ ಕಡಿಮೆ ಇರುವವರು ಹಿಂದುಳಿಯುವುದಿಲ್ಲ, ಬಾಡಿಗೆಯೂ ಎರಡು ದೋಣಿಗಿಂತ ಕಡಿಮೆ. ಭಾರ ಹೆಚ್ಚಿನವರು ಹಿಂದೆ ಕೂರಬೇಕು, ಮುಂದೆ ಕೂತವರ ಲಯಕ್ಕೆ ಹಿಂದಿನವರು ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಹುಟ್ಟಿಗೆ ಹುಟ್ಟು ಬಡಿಯುತ್ತದೆ. ಆದರೆ ಸುರಕ್ಷತೆಯ ಲೆಕ್ಕದಲ್ಲಿ ಇದು ಜೊತೆ ಅಲ್ಲ. ಮಗುಚಿದರೆ ಇಬ್ಬರೂ ಒಟ್ಟಿಗೆ ನೀರಿನಲ್ಲಿ, ಎತ್ತುವವರು ಯಾರೂ ಇಲ್ಲ. ದೋಣಿ ಎರಡಾದರೆ ಒಂದು ಮಗುಚಿದಾಗ ಇನ್ನೊಂದು ಪಕ್ಕಕ್ಕೆ ಬಂದು ಅಂಚನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ, ಬಿದ್ದವರು ಅಲುಗಾಡದ ದೋಣಿಗೆ ಹತ್ತುತ್ತಾರೆ. ಅಭ್ಯಾಸ ಇದ್ದವರಿಗೆ ಒಂದೆರಡು ನಿಮಿಷದ ಕೆಲಸ ಅದು. ತೆರೆದ ನೀರಿಗೆ ಕಡಿಮೆಯೆಂದರೆ ಮೂವರು ಎನ್ನುವುದು ಕಯಾಕಿನವರ ಹಳೆಯ ನಿಯಮ: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಯಲ್ಲಿ ನಿಲ್ಲಲು, ಇನ್ನೊಬ್ಬರು ಸಹಾಯ ಕರೆತರಲು.

ಗೈಡ್, ಕ್ಯಾಂಪಿನ ಬ್ಯಾಚು

ಗಣೇಶಗುಡಿಯ ಕಾಳಿಯಲ್ಲಿ ಬೇರೆ ಆಯ್ಕೆಯೇ ಇಲ್ಲ ಎಂದು ತಿಳಿಯಿರಿ. ಅಲ್ಲಿ ಹರಿಯುವುದು ಸೂಪಾ ಅಣೆಕಟ್ಟಿನ ವಿದ್ಯುದಾಗಾರ ಬಿಟ್ಟ ನೀರು. ವಿದ್ಯುತ್ ಬೇಡಿಕೆಗೆ ತಕ್ಕಂತೆ ಯಂತ್ರ ತಿರುಗುತ್ತದೆ, ಯಂತ್ರ ತಿರುಗಿದಂತೆ ಹೊಳೆ ಏರುತ್ತದೆ. ಬೆಳಿಗ್ಗೆ ಬಂಡೆ ಕಂಡ ಜಾಗದಲ್ಲಿ ಮಧ್ಯಾಹ್ನ ಬಿಳಿನೊರೆ. ಇದು ದಿನವೂ ಅಲ್ಲಿ ಇಳಿಯುವವರಿಗೆ ಮಾತ್ರ ತಿಳಿಯುವ ಲೆಕ್ಕ. ಕೆಳಗೆ ದಾಂಡೇಲಿ ಊರಿನ ಹತ್ತಿರ ನೀರು ಶಾಂತವಾಗಿ ಕಂಡರೂ ಮೊಸಳೆಗಳಿವೆ, ಗಾಳಿ ತುಂಬುವ ದೋಣಿ ಹಿಡಿದು ಅಲ್ಲಿಗೆ ಒಬ್ಬರೇ ಹೋಗಲೇಬೇಡಿ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ನಿಯಮಗಳೂ ಇವೆ.

ಗೈಡ್‌ಗೆ ಕೊಡುವ ಹಣ ದೋಣಿಯ ಬಾಡಿಗೆ ಅಷ್ಟೇ ಅಲ್ಲ. ಪಯಣ ಮುಗಿದ ಜಾಗದಿಂದ ಗಾಡಿಯಲ್ಲಿ ಮರಳಿ ಕರೆತರುವುದೂ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಬುಕ್ ಮಾಡುವ ಮೊದಲು ಫೋನಿನಲ್ಲಿ ನಾಲ್ಕು ಮಾತು ಕೇಳಿ: ಒಬ್ಬ ಗೈಡ್‌ಗೆ ಎಷ್ಟು ದೋಣಿ? ಗೈಡ್ ತಾನೂ ನೀರಿನಲ್ಲಿರುತ್ತಾನೋ, ದಂಡೆಯ ಮೇಲೆ ನಿಂತು ಕೂಗುತ್ತಾನೋ? ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ ಇದೆಯೋ? ಈ ನೀರಿಗೆ ಅನುಮತಿ ಪತ್ರ ಇದೆಯೋ? ಎಂಟು ಜನ ಹೊಸಬರಿಗೆ ಒಬ್ಬನೇ ಗೈಡ್ ಎಂದರೆ ಅದು ಗೈಡ್ ಇಲ್ಲದ ಹಾಗೆಯೇ.

ಭಾನುವಾರದ ಬ್ಯಾಚು ಅಗ್ಗ, ಆದರೆ ಎಲ್ಲರಿಗಿಂತ ನಿಧಾನದವರ ವೇಗವೇ ಇಡೀ ಬ್ಯಾಚಿನ ವೇಗ. ಕಲಿಯಲು ಹೊರಟವರು ವಾರದ ನಡುವೆ ಹೋಗಿ ಗೈಡ್ ಒಬ್ಬರನ್ನೇ ಎರಡು ಗಂಟೆ ಹಿಡಿದರೆ, ಅದೇ ದುಡ್ಡಿಗೆ ಬ್ಯಾಚಿನ ಮೂರು ಭಾನುವಾರಗಳಲ್ಲಿ ಸಿಗದಷ್ಟು ಸಿಗುತ್ತದೆ. ಒಬ್ಬರೇ ಪ್ರವಾಸ ಮಾಡುವ ಹೆಣ್ಣುಮಕ್ಕಳಿಗೂ ಇದೇ ಅನುಕೂಲ: ಇಳಿಯುವ ಜಾಗ, ಬಟ್ಟೆ ಬದಲಿಸುವ ಜಾಗ, ಹೋದ–ಬಂದ ಹೊತ್ತು ಎಲ್ಲಕ್ಕೂ ಒಂದು ಲೆಕ್ಕ ಇರುತ್ತದೆ.

ಅಳಿವೆಗೆ ಸ್ಥಳೀಯರ ಜೊತೆ

ಅಘನಾಶಿನಿ, ಶರಾವತಿ, ಕಾಳಿ ಅಳಿವೆಗಳಿಗೆ ನಮ್ಮ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಬಯಲುಸೀಮೆಯಿಂದ ಹೋದವರಿಗೆ ಉಬ್ಬರ–ಇಳಿತದ ಅಂದಾಜು ಇರುವುದಿಲ್ಲ. ಆರು ಗಂಟೆಯಲ್ಲಿ ನೀರು ಏರುತ್ತದೆ, ಆರು ಗಂಟೆಯಲ್ಲಿ ಇಳಿಯುತ್ತದೆ, ಆದರೆ ಒಂದೇ ವೇಗದಲ್ಲಲ್ಲ. ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲೇ ಅರ್ಧದಷ್ಟು ನೀರು ಸರಿಯುತ್ತದೆ, ಸೆಳವು ಜೋರಾಗುವುದು ಆಗಲೇ. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿದರೂ ಅರ್ಧ ತಿಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹಿಂದೆಮುಂದೆ ಸೆಳವು ಹೆಚ್ಚು, ಅಷ್ಟಮಿ–ನವಮಿಯ ಆಸುಪಾಸು ಕಡಿಮೆ. ಹೊಸಬರು ಅಷ್ಟಮಿಯ ವಾರ ಆರಿಸಿಕೊಳ್ಳಿ.

ಇನ್ನೊಂದು ಗಾಳಿ. ನಡುಹಗಲಿನ ನಂತರ ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಅದೇ ಹೊತ್ತಿಗೆ ಇಳಿತವೂ ಬಿದ್ದರೆ ನೀರು ಕಡಲಿಗೆ, ಗಾಳಿ ದಂಡೆಗೆ. ಎರಡೂ ಎದುರಾಗಿ ಅಳಿವೆಯ ಬಾಯಲ್ಲಿ ಗಿಡ್ಡ, ಕಡಿದಾದ ಅಲೆ ಏಳುತ್ತವೆ. ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗುವ ದೋಣಿ ಎದುರುಗಾಳಿಗೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಹಾಗಾಗಿ ನಸುಕಿನಲ್ಲಿ ಇಳಿದು ಹನ್ನೊಂದರೊಳಗೆ ದಂಡೆಗೆ ಬರುವಂತೆ ಹೊರಡಬೇಕು.

ಇದೆಲ್ಲವೂ ಅಲ್ಲಿಯ ಮೀನುಗಾರರಿಗೆ ಬಾಯಿಪಾಠ. ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟಿಲ್ಲ, ತದಡಿಯ ಹತ್ತಿರ ಅಳಿವೆ ಅಗಲವಾಗಿ ಹರಡಿದೆ, ಇಳಿತದಲ್ಲಿ ಜನ ಚಿಪ್ಪಿಕಲ್ಲು ಆಯಲು ಇಳಿಯುತ್ತಾರೆ, ದಂಡೆಗೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು. ಎಲ್ಲಿ ನೀರು ಒಣಗಿ ದೋಣಿ ಕೆಸರಲ್ಲಿ ಕೂತುಬಿಡುತ್ತದೆ, ಯಾವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿ ಆಚೆ ಕಡೆ ತೆರೆದುಕೊಳ್ಳುತ್ತದೆ ಎಂದು ಅವರಿಗೇ ಗೊತ್ತು. ಒಬ್ಬರಿಗೆ ಅರ್ಧ ದಿನದ ಕೂಲಿ ಕೊಟ್ಟು, ಅವರದೇ ದೋಣಿಯಲ್ಲಿ ನಿಮ್ಮ ಜೊತೆ ಬರಲು ಕೇಳಿಕೊಳ್ಳಿ. ಹಿಂದಿನ ಸಂಜೆಯೇ ಹೋಗಿ ಮಾತಾಡಿ, ಮೊತ್ತ ಮೊದಲೇ ಹೇಳಿ, ಮೀನಿನ ಬೇಟೆಯ ಹೊತ್ತು ಕೆಡಿಸಬೇಡಿ, ಬಲೆ ದಾಟುವ ಮುನ್ನ ಕೇಳಿ. ಒಂದೇ ಕೊರತೆ ಎಂದರೆ ಅವರಿಗೆ ದೋಣಿ ಗೊತ್ತು, ಕಯಾಕ್ ಹತ್ತಿಸುವ ರೀತಿ ಗೊತ್ತಿರದೆ ಇರಬಹುದು. ಅದನ್ನು ದಂಡೆಯಲ್ಲೇ ಐದು ನಿಮಿಷ ತೋರಿಸಿಕೊಡಿ. ಕಾಲಿಗೆ ಹಿಮ್ಮಡಿ ಮುಚ್ಚುವ ಚಪ್ಪಲಿ ಇರಲಿ, ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಶರಾವತಿಗೆ ಮೇಲೆ ಗೇರುಸೊಪ್ಪೆಯ ಅಣೆಕಟ್ಟು, ಕಾಳಿಗೆ ಕದ್ರಾ ಇವೆ ಎಂಬುದೂ ನೆನಪಿರಲಿ. ಕಾರವಾರದ ತೆಂಕಣಕ್ಕೆ ನೌಕಾನೆಲೆಯ ನೀರು ನಿರ್ಬಂಧಿತ.

ತುಂಗಭದ್ರೆಯಲ್ಲೂ ಇದೇ ಮಾತು ಅನ್ವಯಿಸುತ್ತದೆ. ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಮಗ್ಗುಲಲ್ಲಿ ಹೊಳೆ ಎಷ್ಟು ಸೌಮ್ಯವಾಗಿ ಕಾಣುತ್ತದೆಂದರೆ ಯಾರಿಗಾದರೂ ಇಳಿಯೋಣ ಅನಿಸುತ್ತದೆ. ಅದು ಅಂಬಿಗರ ಚೌಡಯ್ಯನ ನೆನಪಿನ ಊರು, ಹೊಳೆ ಬಲ್ಲ ಅಂಬಿಗನನ್ನು ಬಿಟ್ಟು ಅಲ್ಲಿ ನೀರಿಗಿಳಿಯುವುದು ತರವಲ್ಲ. ಮರಳು ತೆಗೆದ ಗುಂಡಿಗಳಿಂದಾಗಿ ಮೊಳಕಾಲುದ್ದ ನೀರು ಒಂದು ಹೆಜ್ಜೆಗೆ ಆಳುದ್ದವಾಗುತ್ತದೆ. ವರದೆಗೆ ಅಡ್ಡಲಾಗಿ ಕಟ್ಟಿದ ಗಿಡ್ಡ ಒಡ್ಡುಗಳು, ಅಂದರೆ ಬಾಂದಾರಗಳು, ಇನ್ನೂ ಅಪಾಯ: ಮೇಲಿಂದ ಧುಮುಕಿದ ನೀರು ಕೆಳಗೆ ಹಿಂದಕ್ಕೇ ಸುತ್ತಿಕೊಳ್ಳುತ್ತದೆ, ಅದರಲ್ಲಿ ಸಿಕ್ಕ ದೋಣಿಯೂ ಮನುಷ್ಯನೂ ಹೊರಗೆ ಬರಲಾರದೆ ಅಲ್ಲೇ ಉರುಳುತ್ತಿರುತ್ತಾರೆ. ಒಬ್ಬರಿದ್ದರೂ ಹತ್ತು ಜನರಿದ್ದರೂ ಬಾಂದಾರ ಕಂಡರೆ ದಂಡೆಗೆ ಬಂದು, ದೋಣಿ ಹೊತ್ತು, ನಡೆದೇ ದಾಟಬೇಕು.

ಹೊಸ ಜೊತೆಗಾರರು: ಎಲ್ಲಿ ಸಿಗುತ್ತಾರೆ, ಹೇಗೆ ಪರೀಕ್ಷಿಸಬೇಕು

ಕಯಾಕ್ ತರಬೇತಿಯಲ್ಲಿ ಜೊತೆಗಿದ್ದವರೇ ಎಲ್ಲರಿಗಿಂತ ಒಳ್ಳೆಯ ಜೊತೆ, ನೀವು ಬಿದ್ದದ್ದನ್ನು ಅವರು ನೋಡಿದ್ದಾರೆ, ಅವರು ಬಿದ್ದದ್ದನ್ನು ನೀವು ನೋಡಿದ್ದೀರಿ. ಅವಳಿ ನಗರದ ಸೈಕಲ್ ಸವಾರರು, ಚಾರಣದ ಗೆಳೆಯರು, ಈಜುಕೊಳಕ್ಕೆ ದಿನವೂ ಬರುವವರು, ಕಾಲೇಜು ಹುಡುಗರು, ಇವರಲ್ಲಿ ಕೇಳಿದರೆ ನಾಲ್ವರು ಸಿಗುವುದು ಕಷ್ಟವಲ್ಲ. ಗೋಕರ್ಣದ ಅಗ್ಗದ ವಸತಿಗಳಲ್ಲಿ ಒಂಟಿ ಪ್ರವಾಸಿಗರು ಬಹಳ. ಬಿಳಿನೀರಿನ (ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ಹೊಳೆಯ) ಆಸೆ ಇದ್ದವರು ಮಳೆಗಾಲದಲ್ಲಿ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಡೆಯುವ ಮಲಬಾರ್ ನದಿ ಉತ್ಸವ ನೋಡಲು ಹೋಗಬಹುದು, ದೇಶದ ನುರಿತ ಕಯಾಕಿಗರು ಅಲ್ಲಿ ಸೇರುತ್ತಾರೆ.

ಆದರೆ ಅಪರಿಚಿತರು ಜೊತೆಗಿದ್ದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. ಎತ್ತಲು ಬಾರದವರು ಜೊತೆಗಿದ್ದರೆ ನೀವು ಒಂಟಿಯೇ, ಮೇಲೆ ಇನ್ನೊಬ್ಬರ ಹೊಣೆ. ಆದ್ದರಿಂದ ಮೊದಲ ಹದಿನೈದು ನಿಮಿಷ ಎದೆಮಟ್ಟದ ನೀರಿನಲ್ಲೇ ಕಳೆಯಿರಿ. "ದೋಣಿ ಮಗಚಿದ್ರ ಏನ್ ಮಾಡ್ತೀರಿ?" ಎಂದು ಕೇಳಿ. "ಮಗಚಂಗಿಲ್ಲ ಬಿಡ್ರಿ" ಎಂದವರ ಜೊತೆ ಆಳಕ್ಕೆ ಹೋಗಬೇಡಿ. ಬೇಕೆಂದೇ ಒಮ್ಮೆ ಮಗುಚಿ, ಒಬ್ಬರನ್ನೊಬ್ಬರು ಹತ್ತಿಸಿ. ಮುಜುಗರ ಬೇಡ, ನುರಿತವರೆಲ್ಲ ಇದನ್ನೇ ಮಾಡುತ್ತಾರೆ. ಸನ್ನೆಗಳು ಗೊತ್ತಿರಲಿ: ಹುಟ್ಟು ನೆಟ್ಟಗೆ ಎತ್ತಿದರೆ ಬನ್ನಿ, ಅಡ್ಡ ಹಿಡಿದರೆ ನಿಲ್ಲಿ, ಮೂರು ಸೀಟಿ ಎಂದರೆ ಆಪತ್ತು. ಮುಂದೆ ಒಬ್ಬ ಬಲ್ಲವರು, ಹಿಂದೆ ಒಬ್ಬರು, ನಿಧಾನದವರು ನಡುವೆ. ಯಾರಾದರೂ ಒಬ್ಬರು "ಇವತ್ತು ಬೇಡ" ಎಂದರೆ ವಾದವಿಲ್ಲದೆ ಎಲ್ಲರೂ ಮರಳಬೇಕು, ಇದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಮದ್ಯದ ಬಾಟಲಿ ಹೊರಬಂದರೆ ಆ ಗುಂಪನ್ನು ಅಲ್ಲೇ ಬಿಡಿ.

ರೊಕ್ಕದ ಲೆಕ್ಕ

ಹುಬ್ಬಳ್ಳಿ–ಕಾರವಾರ ಹೋಗಿಬರಲು 330 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 22 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೆ 2,200. ಒಬ್ಬರೇ ಆದರೆ ಅಷ್ಟೂ ನಿಮ್ಮದೇ, ನಾಲ್ವರಾದರೆ ತಲಾ 550. ಉಳಿದ 1,650ರಲ್ಲಿ ಒಬ್ಬ ಸ್ಥಳೀಯರ ಕೂಲಿಗೆ ನಿಮ್ಮ ಪಾಲು ಕೊಟ್ಟೂ ಉಳಿಯುತ್ತದೆ. ಒಂಟಿ ಪ್ರವಾಸ ಅಗ್ಗ ಎಂಬ ಮಾತು ಬಸ್ಸಿನಲ್ಲಿ ಹೋಗಿ ಬಾಡಿಗೆ ದೋಣಿ ಹಿಡಿಯುವವರಿಗೆ ಮಾತ್ರ ನಿಜ. ಗಾಡಿ ಎರಡಿದ್ದರೆ ಒಂದನ್ನು ಪಯಣ ಮುಗಿಯುವ ಜಾಗದಲ್ಲಿ ಬಿಡಬಹುದು, ಒಂಟಿಯಾದರೆ ಹೊರಟ ಜಾಗಕ್ಕೇ ಹುಟ್ಟು ಹಾಕಿಕೊಂಡು ಮರಳಬೇಕು. ಹಾಗೆ ಮರಳುವವರು ಹೋಗುವಾಗ ಗಾಳಿಗೂ ಸೆಳವಿಗೂ ಎದುರಾಗಿ ಹೋಗಿ, ದಣಿದು ಬರುವಾಗ ಎರಡೂ ಬೆನ್ನಿಗಿರುವಂತೆ ನೋಡಿಕೊಳ್ಳಬೇಕು.

ಈಗಷ್ಟೇ ಶುರು ಮಾಡುವವರು ಮೊದಲ ಮೂರು–ನಾಲ್ಕು ಸಲ ಗೈಡ್ ಜೊತೆ ಹೋಗಿ, ದುಡ್ಡು ಉಳಿಸುವ ಜಾಗ ಅದಲ್ಲ. ಮಗುಚಿದ ದೋಣಿಗೆ ಮತ್ತೆ ಹತ್ತುವುದು ಕಲಿತವರು, ರೊಕ್ಕ ಕಡಿಮೆ ಇರುವವರು, ನಾಲ್ವರ ಗುಂಪು ಕಟ್ಟಿಕೊಂಡು ಅಳಿವೆಯಲ್ಲಿ ಸ್ಥಳೀಯರನ್ನು ಹಿಡಿಯಿರಿ. ಏಕಾಂತವೇ ಬೇಕೆನ್ನುವವರು ನಿಂತ ನೀರಿನಲ್ಲಿ ಒಂಟಿ ಹೋಗಿ. ಅಥವಾ ಗುಂಪಿನ ಜೊತೆಯಲ್ಲೇ ಇಳಿದು, ಸೀಟಿ ಕೇಳುವಷ್ಟು ದೂರದಲ್ಲಿ, ಕಣ್ಣಿಗೆ ಕಾಣುವಂತೆ ಇದ್ದು, ಮಾತಿಲ್ಲದೆ ಒಂದು ಗಂಟೆ ಹುಟ್ಟು ಹಾಕಿ. ಈ ಕೊನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ, ಮಾಡಿ ನೋಡಿದವರು ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಯಾವ ಆಯ್ಕೆಯೂ ಬೇಡ. ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಅಡ್ಡಮಳೆ, ಗುಡುಗು ಇರುವುದರಿಂದ ಬೆಳಿಗ್ಗೆಯೇ ಮುಗಿಸಬೇಕು.

ಯಾವುದನ್ನೇ ಆರಿಸಿದರೂ ಹೊರಡುವ ಮುಂಚೆ ಮನೆಯಲ್ಲಿ ಒಬ್ಬರಿಗೆ ಸಂದೇಶ ಕಳಿಸಿ: ನೀರಿಗೆ ಇಳಿಯುವ ಜಾಗ, ದಂಡೆ ಹತ್ತುವ ಜಾಗ, ದೋಣಿಯ ಬಣ್ಣ, ಜಾಕೆಟ್ಟಿನ ಬಣ್ಣ, ಎಷ್ಟು ಜನ, ದಂಡೆಗೆ ಬರುವ ಹೊತ್ತು. "ಹನ್ನೊಂದೂವರೆಗೆ ನನ್ನ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡು, ಕಡಲಿನ ಬದಿಯಾದರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೂ" ಎಂದು ಅದರಲ್ಲೇ ಬರೆಯಿರಿ. ಕಾಳಿ ಕಣಿವೆಯಲ್ಲಿ ಸಿಗ್ನಲ್ ಸಿಗದ ಜಾಗಗಳು ಬಹಳ, ಹಾಗಾಗಿ ಸಿಗ್ನಲ್ ಇರುವ ಊರಿಗೆ ಬಂದು ಮುಟ್ಟುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಫೋನ್ ನೀರು ಹೋಗದ ಚೀಲದಲ್ಲಿರಲಿ, ಆದರೆ ಆ ಚೀಲ ದೋಣಿಗೆ ಕಟ್ಟಿರಬಾರದು, ನಿಮ್ಮ ಮೈಮೇಲೆ ಇರಬೇಕು. ದಂಡೆಗೆ ಬಂದ ಕೂಡಲೇ ಮೊದಲು ಆ ಕರೆ ಮಾಡಿ, ಚಹಾ ಆಮೇಲೆ. ಒಮ್ಮೆ ಮರೆತರೆ ಮುಂದಿನ ಸಲ ಹನ್ನೊಂದೂವರೆ ದಾಟಿದರೂ ಮನೆಯವರು "ಮತ್ತೆ ಮರೆತಿರಬೇಕು" ಎಂದು ಸುಮ್ಮನೆ ಕೂರುತ್ತಾರೆ.